ಗಣಕಯಂತ್ರದ ಕುಸಿತ ಮತ್ತು ದೋಷಪತ್ತೆ

ಗಣಕಯಂತ್ರದ ಕುಸಿತ ಎಂದರೆ ಚಾಲನೆಯಲ್ಲಿರುವ ಗಣಕಯಂತ್ರ ಅಥವಾ ಅದರಲ್ಲಿನ ತಂತ್ರಾಂಶವು ಬಳಕೆದಾರರ ಆದೇಶವಿಲ್ಲದೆ ಹಠಾತ್ತನೆ ಕೆಲಸ ನಿಲ್ಲಿಸುವುದು. ಬಳಕೆಯ ಮಾತಿನಲ್ಲಿ ಇದನ್ನು ‘ಕ್ರ್ಯಾಶ್ ಆಗುವುದು’ ಎನ್ನುತ್ತಾರೆ. ಪರದೆಯ ಮೇಲಿನ ಚಿತ್ರ ಹಾಗೆಯೇ ನಿಂತು, ಕೀಲಿಮಣೆಗೂ ಮೌಸ್‌ಗೂ ಪ್ರತಿಕ್ರಿಯೆ ಬಾರದಿದ್ದರೆ ಅದಕ್ಕೆ ‘ಹ್ಯಾಂಗ್ ಆಗುವುದು’ ಎಂಬ ಹೆಸರಿದೆ. ಇಂತಹ ಘಟನೆ ಪದೇ ಪದೇ ಸಂಭವಿಸುವ ಯಂತ್ರವನ್ನು ಅಸ್ಥಿರ ಗಣಕಯಂತ್ರವೆಂದು ಕರೆಯಲಾಗುತ್ತದೆ. ಸ್ಮೃತಿಯ ದೋಷ, ಅತಿಯಾದ ಶಾಖ, ವಿದ್ಯುತ್ ಪೂರೈಕೆಯ ಕೊರತೆ, ಶೇಖರಣಾ ಸಾಧನದ ಸವೆತ ಮತ್ತು ಚಾಲಕ ತಂತ್ರಾಂಶದ ತಪ್ಪುಗಳು ಅಸ್ಥಿರತೆಯ ಮುಖ್ಯ ಕಾರಣಗಳು.

ಕಾರಣಗಳು ಬೇರೆ ಬೇರೆಯಾದರೂ ಹೊರಗೆ ಕಾಣುವ ಲಕ್ಷಣಗಳು ಬಹುತೇಕ ಒಂದೇ ಆಗಿರುತ್ತವೆ. ಆದ್ದರಿಂದ ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಾಯಿಸಿದರೆ ಹಣ ವ್ಯರ್ಥವಾಗಬಹುದು. ಅವಸರದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಕಡತಗಳು ನಾಶವಾಗಬಹುದು. ದೋಷಪತ್ತೆಯ ಮೂಲತತ್ವದಲ್ಲಿ ಮೂರು ಹಂತಗಳಿವೆ: ಮೊದಲು ಕಡತಗಳನ್ನು ಸುರಕ್ಷಿತಗೊಳಿಸುವುದು, ಕುಸಿತ ಯಾವ ಸಂದರ್ಭದಲ್ಲಿ ಆಗುತ್ತದೆಂದು ದಾಖಲಿಸುವುದು, ಅನಂತರ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಗಮನಿಸುವುದು. ಈ ಲೇಖನವು ಮುಖ್ಯವಾಗಿ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಮನೆಬಳಕೆಯ ಗಣಕಯಂತ್ರಗಳಿಗೆ ಸಂಬಂಧಿಸಿದೆ. ಇಲ್ಲಿನ ಯಂತ್ರಾಂಶದ ವಿವರಗಳು ಲಿನಕ್ಸ್ ಬಳಸುವ ಯಂತ್ರಗಳಿಗೂ ಅನ್ವಯಿಸುತ್ತವೆ.

ಕುಸಿತದ ಬಗೆಗಳು

ಯಂತ್ರವು ಯಾವ ರೀತಿಯಲ್ಲಿ ಕುಸಿಯಿತು ಎಂಬುದೇ ಕಾರಣದ ಮೊದಲ ಸುಳಿವು.

• ಆನ್ವಯಿಕ ತಂತ್ರಾಂಶದ ಕುಸಿತ: ಒಂದು ತಂತ್ರಾಂಶ ಮಾತ್ರ ಮುಚ್ಚಿಹೋಗುತ್ತದೆ, ಉಳಿದವು ಎಂದಿನಂತೆ ನಡೆಯುತ್ತವೆ. ಯಾವಾಗಲೂ ಅದೊಂದೇ ತಂತ್ರಾಂಶ ಮುಚ್ಚಿದರೆ ದೋಷ ಹೆಚ್ಚಾಗಿ ಅದರಲ್ಲಿಯೇ ಇರುತ್ತದೆ. ಸಂಬಂಧವಿಲ್ಲದ ಹಲವು ತಂತ್ರಾಂಶಗಳು ಒಂದೊಂದಾಗಿ ಮುಚ್ಚತೊಡಗಿದರೆ ಸ್ಮೃತಿ ಅಥವಾ ಪ್ರೊಸೆಸರ್ ಮೇಲೆ ಸಂಶಯಪಡಬೇಕಾಗುತ್ತದೆ.

• ಕರ್ನಲ್ ಕುಸಿತ: ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್, ತನ್ನಲ್ಲಿ ಸರಿಪಡಿಸಲಾಗದ ತಪ್ಪು ಕಂಡುಬಂದಾಗ ಇಡೀ ಯಂತ್ರವನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸುತ್ತದೆ. ವಿಂಡೋಸ್‌ನಲ್ಲಿ ‘ನೀಲಿ ಪರದೆ’ ಎಂದು ಪ್ರಸಿದ್ಧವಾದದ್ದು ಇದೇ. ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳಲ್ಲಿ ಇದನ್ನು ಕರ್ನಲ್ ಪ್ಯಾನಿಕ್ ಎನ್ನುತ್ತಾರೆ.

• ಸ್ತಂಭನ: ಯಂತ್ರ ಆರುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ, ಎಲ್ಲವೂ ನಿಂತುಬಿಡುತ್ತದೆ. ಶೇಖರಣಾ ಸಾಧನ ಉತ್ತರಿಸದಿದ್ದಾಗ ಹಾಗೂ ಗ್ರಾಫಿಕ್ಸ್ ಚಾಲಕ ಸಿಲುಕಿಕೊಂಡಾಗ ಹೀಗಾಗುವುದುಂಟು.

• ತಾನಾಗಿ ಮರುಚಾಲನೆ: ಯಾವ ಸಂದೇಶವೂ ಇಲ್ಲದೆ ಯಂತ್ರ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕರ್ನಲ್ ಕುಸಿತದ ಪರದೆ ಕ್ಷಣಮಾತ್ರ ಮೂಡಿ ಮರೆಯಾಗಿರಬಹುದು, ಇಲ್ಲವೇ ವಿದ್ಯುತ್ ಪೂರೈಕೆ ಕ್ಷಣಕಾಲ ಕುಸಿದಿರಬಹುದು.

• ಪೂರ್ಣವಾಗಿ ಆರುವುದು: ಸ್ವಿಚ್ ತೆಗೆದಂತೆ ಯಂತ್ರ ಒಮ್ಮೆಲೇ ಆರುತ್ತದೆ. ಇದು ಹೆಚ್ಚಾಗಿ ಶಾಖದ ಅಥವಾ ವಿದ್ಯುತ್ತಿನ ಸಮಸ್ಯೆ. ತಂತ್ರಾಂಶದ ತಪ್ಪಿನಿಂದ ಹೀಗಾಗುವುದು ಅಪರೂಪ.

ಇತಿಹಾಸ

ಎಂಎಸ್-ಡಾಸ್ ಕಾಲದ ಗಣಕಯಂತ್ರಗಳಲ್ಲಿ ಯಾವುದೇ ತಂತ್ರಾಂಶವು ಸ್ಮೃತಿಯ ಯಾವುದೇ ಭಾಗದಲ್ಲಿ ಬರೆಯಬಹುದಾಗಿತ್ತು. ಹೀಗಾಗಿ ಒಂದು ತಂತ್ರಾಂಶದ ತಪ್ಪು ಇಡೀ ಯಂತ್ರವನ್ನು ನಿಲ್ಲಿಸುತ್ತಿತ್ತು. ಇದರ ಮೇಲೆ ಬೆಳೆದ ವಿಂಡೋಸ್ 3.1, 95 ಮತ್ತು 98 ಆವೃತ್ತಿಗಳಲ್ಲಿಯೂ ಸ್ಮೃತಿಯ ರಕ್ಷಣೆ ಪೂರ್ಣವಾಗಿರಲಿಲ್ಲ. 1998ರ ಏಪ್ರಿಲ್ 20ರಂದು ಅಮೆರಿಕದ ಶಿಕಾಗೋದಲ್ಲಿ ನಡೆದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲಿ ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿ ತೋರಿಸುತ್ತಿದ್ದಾಗ ನೀಲಿ ಪರದೆ ಮೂಡಿದ ಘಟನೆ ಪ್ರಸಿದ್ಧವಾಗಿದೆ.

1993ರ ಜುಲೈನಲ್ಲಿ ಬಿಡುಗಡೆಯಾದ ವಿಂಡೋಸ್ ಎನ್‌ಟಿ 3.1 ಆವೃತ್ತಿಯಲ್ಲಿ ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಸ್ಮೃತಿವಲಯ ನೀಡುವ ವ್ಯವಸ್ಥೆಯಿತ್ತು. ಕರ್ನಲ್ ಕುಸಿದಾಗ ವಿವರಗಳನ್ನು ನೀಲಿ ಹಿನ್ನೆಲೆಯಲ್ಲಿ ತೋರಿಸುವ ಪದ್ಧತಿಯೂ ಅದರಲ್ಲಿತ್ತು. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮೂಲಕ ಈ ಕರ್ನಲ್ ಮನೆಬಳಕೆಯ ಯಂತ್ರಗಳಿಗೂ ತಲುಪಿತು. ಅದರಿಂದಾಚೆಗೆ ಒಂದು ಆನ್ವಯಿಕ ತಂತ್ರಾಂಶದ ತಪ್ಪಿನಿಂದ ಇಡೀ ಯಂತ್ರ ಕುಸಿಯುವುದು ಬಹಳ ಕಡಿಮೆಯಾಯಿತು. ಕರ್ನಲ್ ಮಟ್ಟದಲ್ಲಿ ನಡೆಯುವ ಚಾಲಕ ತಂತ್ರಾಂಶಗಳು ಮತ್ತು ಯಂತ್ರಾಂಶದ ದೋಷಗಳು ಮುಖ್ಯ ಕಾರಣಗಳಾಗಿ ಉಳಿದವು. 2012ರ ವಿಂಡೋಸ್ 8 ಆವೃತ್ತಿಯಲ್ಲಿ ನೀಲಿ ಪರದೆಯನ್ನು ಸರಳಗೊಳಿಸಿ ಸಪ್ಪೆ ಮುಖದ ಚಿಹ್ನೆಯನ್ನು ಸೇರಿಸಲಾಯಿತು. 2025ರಲ್ಲಿ ವಿಂಡೋಸ್ 11ರಲ್ಲಿ ಪರದೆಯ ಬಣ್ಣವನ್ನು ಕಪ್ಪಿಗೆ ಬದಲಾಯಿಸಲಾಯಿತು.

2011ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಹತ್ತು ಲಕ್ಷ ಗ್ರಾಹಕ ಗಣಕಯಂತ್ರಗಳ ಕುಸಿತಗಳನ್ನು ವಿಶ್ಲೇಷಿಸಿದ ಅಧ್ಯಯನವನ್ನು ಪ್ರಕಟಿಸಿದರು. ಎಂಟು ತಿಂಗಳಲ್ಲಿ ಕನಿಷ್ಠ 30 ದಿನಗಳಷ್ಟು ಒಟ್ಟು ಪ್ರೊಸೆಸರ್ ಸಮಯ ಬಳಕೆಯಾದ ಯಂತ್ರಗಳು ಪ್ರೊಸೆಸರ್ ಸಂಬಂಧಿತ ದೋಷದಿಂದ ಕುಸಿಯುವ ಸಾಧ್ಯತೆ 190ರಲ್ಲಿ 1 ಆಗಿತ್ತು. ಹಾಗೆ ಒಮ್ಮೆ ಕುಸಿದ ಯಂತ್ರ ಎರಡನೆಯ ಬಾರಿ ಕುಸಿಯುವ ಸಾಧ್ಯತೆ 3.3ರಲ್ಲಿ 1ಕ್ಕೆ ಏರಿತ್ತು. ಯಂತ್ರಾಂಶದ ದೋಷವು ಒಮ್ಮೆ ತಲೆದೋರಿದ ಮೇಲೆ ಬಹಳ ಮಟ್ಟಿಗೆ ಮರುಕಳಿಸುತ್ತದೆ ಎಂಬುದನ್ನು ಈ ಅಧ್ಯಯನ ತೋರಿಸಿತು.

ಯಂತ್ರಾಂಶದ ಕಾರಣಗಳು

ಸ್ಮೃತಿ

ಚಾಲನೆಯಲ್ಲಿರುವ ತಂತ್ರಾಂಶಗಳೂ ದತ್ತಾಂಶವೂ ರ‍್ಯಾಮ್‌ನಲ್ಲಿ ಇರುತ್ತವೆ. ಅದರ ಒಂದು ಬಿಟ್ ಬದಲಾದರೂ ತಂತ್ರಾಂಶ ತಪ್ಪು ವಿಳಾಸಕ್ಕೆ ಹೋಗಿ ಕುಸಿಯಬಹುದು, ಅಥವಾ ತಪ್ಪು ದತ್ತಾಂಶ ಸದ್ದಿಲ್ಲದೆ ಕಡತದಲ್ಲಿ ಸೇರಬಹುದು. ಇಂಟೆಲ್ ಸಂಸ್ಥೆಯ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ 1978ರಲ್ಲಿ, ಚಿಪ್‌ನ ಹೊದಿಕೆಯಲ್ಲಿದ್ದ ಯುರೇನಿಯಂ ಮತ್ತು ಥೋರಿಯಂನ ಅತ್ಯಲ್ಪ ಅಂಶದಿಂದ ಹೊಮ್ಮುವ ಆಲ್ಫಾ ಕಣಗಳು ಸ್ಮೃತಿಯ ಬಿಟ್‌ಗಳನ್ನು ಬದಲಾಯಿಸಬಲ್ಲವೆಂದು ತೋರಿಸಿದರು. ಇಂತಹ ತಾತ್ಕಾಲಿಕ ತಪ್ಪುಗಳಿಂದ ಚಿಪ್‌ಗೆ ಹಾನಿಯಾಗುವುದಿಲ್ಲ.

ಗೂಗಲ್ ಸಂಸ್ಥೆಯ ಸರ್ವರ್‌ಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಸ್ಮೃತಿಪಟ್ಟಿಗಳಲ್ಲಿ ತಪ್ಪುಗಳು ಕಂಡುಬಂದವು. ಅವುಗಳಲ್ಲಿ ಹೆಚ್ಚಿನವು ತಾತ್ಕಾಲಿಕವಾಗಿರದೆ ಚಿಪ್‌ನ ಶಾಶ್ವತ ದೋಷಗಳಾಗಿದ್ದವು. ಸರ್ವರ್‌ಗಳಲ್ಲಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಸ್ಮೃತಿಯನ್ನು ಬಳಸಲಾಗುತ್ತದೆ. ಮನೆಬಳಕೆಯ ಬಹುತೇಕ ಯಂತ್ರಗಳಲ್ಲಿ ಈ ಸೌಲಭ್ಯವಿಲ್ಲದ ಕಾರಣ ಅದೇ ತಪ್ಪು ಕುಸಿತವಾಗಿ ಪ್ರಕಟವಾಗುತ್ತದೆ.

ಸ್ಮೃತಿಪಟ್ಟಿ ಸ್ಲಾಟ್‌ನಲ್ಲಿ ಸರಿಯಾಗಿ ಕೂರದಿರುವುದು, ಸಂಪರ್ಕದ ತುದಿಗಳಲ್ಲಿ ದೂಳು ಕೂರುವುದು, ಬೇರೆ ಬೇರೆ ವೇಗದ ಪಟ್ಟಿಗಳನ್ನು ಬೆರೆಸುವುದು ಇವು ಇತರ ಕಾರಣಗಳು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಿದಾಗ ಸ್ಮೃತಿಯು ಪ್ರಮಾಣಿತ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಯುತ್ತದೆ. ಇದೂ ಅಸ್ಥಿರತೆಗೆ ದಾರಿಯಾಗುವುದುಂಟು.

ಶಾಖ

ಇಂದಿನ ಪ್ರೊಸೆಸರ್‌ಗಳು ಸುಮಾರು 95ರಿಂದ 105 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಮೊದಲು ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಆಗಲೂ ಶಾಖ ಏರಿದರೆ ಹಾನಿ ತಪ್ಪಿಸಲು ಯಂತ್ರವನ್ನೇ ಆರಿಸುತ್ತವೆ. ಆದ್ದರಿಂದ ಕುಸಿತಕ್ಕೆ ಮುನ್ನ ಯಂತ್ರ ನಿಧಾನವಾಗುವುದು ಹಾಗೂ ಫ್ಯಾನ್ ಜೋರಾಗಿ ತಿರುಗುವುದು ಶಾಖದ ಸಮಸ್ಯೆಯ ಗುರುತುಗಳು. ಶಾಖಹಾರಿಯ ಸಂದುಗಳಲ್ಲಿ ದೂಳು ತುಂಬುವುದು, ಫ್ಯಾನ್ ಸವೆಯುವುದು, ಪ್ರೊಸೆಸರ್ ಮತ್ತು ಶಾಖಹಾರಿಯ ನಡುವಿನ ಥರ್ಮಲ್ ಪೇಸ್ಟ್ ಒಣಗುವುದು ಇದಕ್ಕೆ ಕಾರಣ. ಲ್ಯಾಪ್‌ಟಾಪನ್ನು ಹಾಸಿಗೆ ಅಥವಾ ದಿಂಬಿನ ಮೇಲಿಟ್ಟು ಬಳಸಿದರೆ ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ.

ವಿದ್ಯುತ್ ಪೂರೈಕೆ

ಭಾರತದಲ್ಲಿ ಎಸ್‌ಎಂಪಿಎಸ್ ಎಂದೇ ಕರೆಯಲಾಗುವ ವಿದ್ಯುತ್ ಘಟಕವು 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಈ ವೋಲ್ಟೇಜ್‌ಗಳಲ್ಲಿ ಸಾಮಾನ್ಯವಾಗಿ ಶೇಕಡಾ 5ರಷ್ಟು ಏರಿಳಿತ ಸಮ್ಮತ, ಅಂದರೆ 12 ವೋಲ್ಟ್‌ನ ತಂತಿಯಲ್ಲಿ 11.4ರಿಂದ 12.6 ವೋಲ್ಟ್‌ವರೆಗೆ ಇರಬಹುದು. ಹಳೆಯ ಅಥವಾ ಸಾಮರ್ಥ್ಯ ಸಾಲದ ಘಟಕವು ಯಂತ್ರ ಬಿಡುವಾಗಿದ್ದಾಗ ಸರಿಯಾಗಿ ನಡೆದು, ಹೊರೆ ಹೆಚ್ಚಾದ ತಕ್ಷಣ ಸೋಲುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಆಟ ಆಡುವಾಗ ಮಾತ್ರ ಯಂತ್ರ ಆರಿದರೆ ಇದನ್ನು ಮೊದಲು ಪರಿಶೀಲಿಸಬೇಕು.

ಭಾರತದ ಮನೆಗಳಲ್ಲಿ ಇನ್ವರ್ಟರ್ ಬಳಕೆ ಸಾಮಾನ್ಯವಾಗಿರುವುದರಿಂದ ಇನ್ನೊಂದು ಸಂಗತಿಯೂ ಮುಖ್ಯವಾಗುತ್ತದೆ. ವಿದ್ಯುತ್ ಕಡಿತವಾದ ಬಳಿಕ ಎಸ್‌ಎಂಪಿಎಸ್ ತನ್ನಲ್ಲಿ ಸಂಗ್ರಹವಾದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡುಗಳಷ್ಟು ಕಾಲ ಮಾತ್ರ ಯಂತ್ರವನ್ನು ನಡೆಸಬಲ್ಲದು. ಇದು 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕಿಂತಲೂ ಕಡಿಮೆ. ಫ್ಯಾನ್ ಮತ್ತು ದೀಪಗಳಿಗಾಗಿ ಹೊಂದಿಸಿದ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳಬಹುದು. ದೀಪ ಮಿನುಗಿದಂತೆ ಕಾಣುವಷ್ಟರಲ್ಲಿ ಗಣಕಯಂತ್ರ ಮರುಚಾಲನೆಯಾಗಿರುತ್ತದೆ. ಹಲವು ಇನ್ವರ್ಟರ್‌ಗಳಲ್ಲಿ ಇದಕ್ಕೆಂದೇ ಯುಪಿಎಸ್ ಮೋಡ್ ಎಂಬ ಆಯ್ಕೆ ಇರುತ್ತದೆ. ಇಲ್ಲದಿದ್ದರೆ ಗಣಕಯಂತ್ರಕ್ಕೆ ಪ್ರತ್ಯೇಕ ಯುಪಿಎಸ್ ಬೇಕಾಗುತ್ತದೆ. ಯುಪಿಎಸ್‌ನ ಬ್ಯಾಟರಿ ಹಳತಾದಾಗ ಅದೂ ಇದೇ ರೀತಿ ವಿಫಲವಾಗುತ್ತದೆ.

ಶೇಖರಣಾ ಸಾಧನ

ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಹಾಳಾಗತೊಡಗಿದಾಗ ಯಂತ್ರ ಆರಂಭವಾಗಲು ಬಹಳ ಹೊತ್ತು ಹಿಡಿಯುವುದು, ಕಡತ ತೆರೆಯುವಾಗ ಸ್ತಂಭಿಸುವುದು, ಕಡತಗಳು ಕರಪ್ಟ್ ಆಗುವುದು ಮೊದಲಾದ ಲಕ್ಷಣಗಳು ಕಾಣಿಸುತ್ತವೆ. ಹಾರ್ಡ್ ಡಿಸ್ಕ್‌ನಿಂದ ಲಯಬದ್ಧವಾದ ಟಕ್ ಟಕ್ ಸದ್ದು ಬಂದರೆ ಅದು ಗಂಭೀರ ಸೂಚನೆ. ಆಗ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡುವುದರಿಂದ ದತ್ತಾಂಶ ಮರಳಿ ಪಡೆಯುವ ಅವಕಾಶ ಕುಗ್ಗುತ್ತದೆ.

ಡಿಸ್ಕ್‌ಗಳು ತಮ್ಮ ಸ್ಥಿತಿಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ತಾವೇ ದಾಖಲಿಸುತ್ತವೆ. ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ ಸಂಖ್ಯೆ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕನ್ನು ನಂಬಲಾಗದು. ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಆಧರಿಸಿ ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಇತರ ಡಿಸ್ಕ್‌ಗಳಿಗಿಂತ 39 ಪಟ್ಟು ಹೆಚ್ಚಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚು ಡಿಸ್ಕ್‌ಗಳು ನಾಲ್ಕು ಪ್ರಬಲ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಹೀಗಾಗಿ ಸ್ಮಾರ್ಟ್ ನೀಡುವ ಎಚ್ಚರಿಕೆಯನ್ನು ನಂಬಬೇಕು, ಎಚ್ಚರಿಕೆ ಇಲ್ಲದಿರುವುದನ್ನು ಭರವಸೆಯೆಂದು ತಿಳಿಯಬಾರದು.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಪ್ರೊಸೆಸರ್ ಕೆಡುವುದು ಇತರ ಭಾಗಗಳಿಗಿಂತ ವಿರಳ. ನಿಗದಿತ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವ ಓವರ್‌ಕ್ಲಾಕಿಂಗ್ ಈ ಅಪಾಯವನ್ನು ಹೆಚ್ಚಿಸುತ್ತದೆ. ಮದರ್‌ಬೋರ್ಡ್‌ನಲ್ಲಿ ಕೆಪಾಸಿಟರ್‌ಗಳು ದೋಷಕ್ಕೆ ಸುಲಭವಾಗಿ ಗುರಿಯಾಗುವ ಭಾಗಗಳು. 1999ರಿಂದ 2007ರ ಸುಮಾರಿಗೆ ತಯಾರಾದ ಅನೇಕ ಮದರ್‌ಬೋರ್ಡ್‌ಗಳಲ್ಲಿ ಕಳಪೆ ಕೆಪಾಸಿಟರ್‌ಗಳು ಉಬ್ಬಿ ಸೋರಿದ ಪ್ರಕರಣಗಳು ಜಗತ್ತಿನಾದ್ಯಂತ ವರದಿಯಾದವು. ಕೆಪಾಸಿಟರ್‌ನ ಚಪ್ಪಟೆ ತಲೆ ಉಬ್ಬಿರುವುದು ಬರಿಗಣ್ಣಿಗೆ ಕಾಣುವ ಗುರುತು.

ತಂತ್ರಾಂಶದ ಕಾರಣಗಳು

ಗ್ರಾಫಿಕ್ಸ್, ಧ್ವನಿ, ಜಾಲ ಸಂಪರ್ಕ ಮುಂತಾದ ಭಾಗಗಳನ್ನು ನಡೆಸುವ ಚಾಲಕ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು, ಕರ್ನಲ್‌ನಷ್ಟೇ ಅಧಿಕಾರದಿಂದ ಕೆಲಸ ಮಾಡುತ್ತವೆ. ಅವುಗಳಲ್ಲಿನ ಒಂದು ತಪ್ಪು ಇಡೀ ಯಂತ್ರವನ್ನು ನಿಲ್ಲಿಸುತ್ತದೆ. ವೈರಸ್ ನಿರೋಧಕಗಳಿಗೂ ಇದೇ ಅಧಿಕಾರವಿರುವುದರಿಂದ ಎರಡು ವೈರಸ್ ನಿರೋಧಕಗಳನ್ನು ಒಟ್ಟಿಗೆ ಬಳಸುವುದು ಅಸ್ಥಿರತೆಗೆ ಕಾರಣವಾಗಬಲ್ಲದು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರ್ಣ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಯಂತ್ರಗಳ ಬಿಡಿಭಾಗಗಳಲ್ಲಿ ಯಾವ ದೋಷವೂ ಇರಲಿಲ್ಲ. ಸೇಫ್ ಮೋಡ್‌ನಲ್ಲಿ ಆರಂಭಿಸಿ ಒಂದು ಕಡತವನ್ನು ಅಳಿಸಿದರೆ ಯಂತ್ರ ಸರಿಹೋಗುತ್ತಿತ್ತು.

ಕಾರ್ಯಾಚರಣ ವ್ಯವಸ್ಥೆಯ ಕಡತಗಳು ಕೆಡುವುದು, ದುರುದ್ದೇಶದ ತಂತ್ರಾಂಶಗಳು ಮತ್ತು ಶೇಖರಣಾ ಸಾಧನದಲ್ಲಿ ಖಾಲಿ ಜಾಗ ಮುಗಿಯುವುದು ಇತರ ಕಾರಣಗಳು. ಕಾರ್ಯಾಚರಣ ವ್ಯವಸ್ಥೆಯ ಕಡತಗಳು ಕೆಟ್ಟಿದ್ದರೆ, ಅವು ಕೆಡಲು ಸ್ಮೃತಿ ಅಥವಾ ಡಿಸ್ಕ್‌ನ ದೋಷವೇ ಮೂಲವಾಗಿರಬಹುದು. ಹಾಗಿದ್ದಾಗ ವಿಂಡೋಸ್ ಮರುಸ್ಥಾಪಿಸಿದರೂ ಕೆಲವು ದಿನಗಳಲ್ಲಿ ಸಮಸ್ಯೆ ಮರುಕಳಿಸುತ್ತದೆ.

ದೋಷಪತ್ತೆಯ ಕ್ರಮ

ಕಡತಗಳ ರಕ್ಷಣೆ

ಯಾವುದೇ ಪರೀಕ್ಷೆಗೆ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಸಾಧನಕ್ಕೆ ತೆಗೆದುಕೊಳ್ಳಬೇಕು. ಡಿಸ್ಕ್ ತಪಾಸಣೆ ಹಾಗೂ ಹೊರೆ ಪರೀಕ್ಷೆಗಳು ಈಗಾಗಲೇ ದುರ್ಬಲವಾದ ಡಿಸ್ಕನ್ನು ಇನ್ನಷ್ಟು ಕೆಡಿಸಬಹುದು. ವಿಂಡೋಸ್ ಆರಂಭವಾಗದಿದ್ದರೆ, ಪೆನ್ ಡ್ರೈವ್‌ನಿಂದ ನೇರವಾಗಿ ನಡೆಯುವ ಲಿನಕ್ಸ್ ವ್ಯವಸ್ಥೆಯ ಮೂಲಕ ಕಡತಗಳನ್ನು ನಕಲಿಸಬಹುದು. ಬಿಟ್‌ಲಾಕರ್ ಗೂಢಲಿಪೀಕರಣ ಸಕ್ರಿಯವಾಗಿರುವ ಯಂತ್ರಗಳಲ್ಲಿ ಇದಕ್ಕೆ ಮರುಪ್ರಾಪ್ತಿ ಕೀಲಿ ಬೇಕಾಗುತ್ತದೆ.

ಕನ್ನಡ ಬಳಕೆದಾರರು ಗಮನಿಸಬೇಕಾದ ಒಂದು ಅಂಶವಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು, ಆ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಮರುಸ್ಥಾಪಿಸುವ ಮುನ್ನ ಕಡತಗಳೊಂದಿಗೆ ಅಕ್ಷರಶೈಲಿಗಳ ಪ್ರತಿಯನ್ನೂ ತೆಗೆದಿರಿಸಬೇಕು.

ದಾಖಲೆಗಳ ಪರಿಶೀಲನೆ

ಕುಸಿತದ ದಿನಾಂಕ, ಸಮಯ, ಆಗ ನಡೆಯುತ್ತಿದ್ದ ಕೆಲಸ ಹಾಗೂ ಅದಕ್ಕೂ ಹಿಂದಿನ ದಿನಗಳಲ್ಲಿ ಆದ ಬದಲಾವಣೆಗಳನ್ನು ಬರೆದಿಡುವುದು ಉಪಯುಕ್ತ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ಎಂಬ ಸಾಧನವು ಕುಸಿತಗಳನ್ನೂ ಹೊಸ ತಂತ್ರಾಂಶಗಳ ಸ್ಥಾಪನೆಯನ್ನೂ ಒಂದೇ ದಿನದರ್ಶಿಯಲ್ಲಿ ತೋರಿಸುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಹೆಚ್ಚಿನ ವಿವರಗಳಿರುತ್ತವೆ. ಕರ್ನಲ್ ಕುಸಿತದ ವೇಳೆ ಸ್ಮೃತಿಯ ಸಂಕ್ಷಿಪ್ತ ಚಿತ್ರಣವು ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಎಂಬ ಉಪಫೋಲ್ಡರಿನಲ್ಲಿ ಉಳಿಯುತ್ತದೆ.

ವಿಂಡೋಸ್‌ನಲ್ಲಿ ಕುಸಿತದ ನಂತರ ತಾನಾಗಿ ಮರುಚಾಲನೆಯಾಗುವ ಆಯ್ಕೆ ಮೊದಲಿನಿಂದಲೇ ಸಕ್ರಿಯವಾಗಿರುತ್ತದೆ. ಅದನ್ನು ತೆಗೆದುಹಾಕಿದರೆ ದೋಷದ ಹೆಸರು ಪರದೆಯ ಮೇಲೆ ನಿಲ್ಲುತ್ತದೆ. ಸಾಮಾನ್ಯವಾಗಿ ಕಾಣುವ ಕೆಲವು ದೋಷಗಳು ಹೀಗಿವೆ:

• ಮೆಮೊರಿ ಮ್ಯಾನೇಜ್‌ಮೆಂಟ್: ಸ್ಮೃತಿಯ ದೋಷ, ಕೆಲವೊಮ್ಮೆ ಚಾಲಕದ ತಪ್ಪು.
• ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್: ಹೆಚ್ಚಾಗಿ ಚಾಲಕದ ತಪ್ಪು, ಕೆಲವೊಮ್ಮೆ ಸ್ಮೃತಿಯ ದೋಷ.
• ವೀಡಿಯೋ ಟಿಡಿಆರ್ ಫೇಲ್ಯೂರ್: ಗ್ರಾಫಿಕ್ಸ್ ಚಾಲಕ ಅಥವಾ ಗ್ರಾಫಿಕ್ಸ್ ಕಾರ್ಡ್.
• ಹ್ವಿಯಾ ಅನ್‌ಕರೆಕ್ಟಬಲ್ ಎರರ್: ಯಂತ್ರಾಂಶವೇ ವರದಿ ಮಾಡಿದ ದೋಷ, ಪ್ರೊಸೆಸರ್, ವೋಲ್ಟೇಜ್ ಅಥವಾ ಶಾಖ.
• ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್: ಶೇಖರಣಾ ಸಾಧನ, ಅದರ ಕೇಬಲ್ ಅಥವಾ ಚಾಲಕ.

ಪ್ರತಿ ಬಾರಿಯೂ ಒಂದೇ ದೋಷದ ಹೆಸರು ಬಂದು, ಅದೇ ಚಾಲಕದ ಉಲ್ಲೇಖವಿದ್ದರೆ ತಂತ್ರಾಂಶದ ಕಾರಣ ಸಂಭವನೀಯ. ಪ್ರತಿ ಬಾರಿಯೂ ಬೇರೆ ಬೇರೆ ಹೆಸರು ಬಂದರೆ ಯಂತ್ರಾಂಶದ ದೋಷ, ವಿಶೇಷವಾಗಿ ಸ್ಮೃತಿಯ ದೋಷ, ಸಂಭವನೀಯ.

ತಂತ್ರಾಂಶವನ್ನು ಪ್ರತ್ಯೇಕಿಸುವುದು

ಕುಸಿತ ಆರಂಭವಾಗುವ ಮುನ್ನ ಸ್ಥಾಪಿಸಿದ ತಂತ್ರಾಂಶ, ಚಾಲಕ ಅಥವಾ ಪರಿಷ್ಕರಣೆಯನ್ನು ಮೊದಲು ಹಿಂತೆಗೆಯಲಾಗುತ್ತದೆ. ವಿಂಡೋಸ್ 8ರಿಂದೀಚೆಗಿನ ಆವೃತ್ತಿಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಸಕ್ರಿಯವಾಗಿದ್ದರೆ, ಯಂತ್ರವನ್ನು ಶಟ್ ಡೌನ್ ಮಾಡಿದಾಗಲೂ ಕರ್ನಲ್‌ನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮುಂದಿನ ಬಾರಿ ಹಾಗೆಯೇ ಮರಳುತ್ತದೆ. ಆದ್ದರಿಂದ ಬದಲಾವಣೆಯ ನಂತರ ರೀಸ್ಟಾರ್ಟ್ ಆಯ್ಕೆಯನ್ನೇ ಬಳಸಬೇಕು.

ಸೇಫ್ ಮೋಡ್‌ನಲ್ಲಿ ಅತ್ಯಗತ್ಯ ಚಾಲಕಗಳು ಮಾತ್ರ ನಡೆಯುತ್ತವೆ. ಅಲ್ಲಿ ಯಂತ್ರ ಸ್ಥಿರವಾಗಿದ್ದರೆ ಚಾಲಕಗಳ ಮೇಲಿನ ಸಂಶಯ ಹೆಚ್ಚುತ್ತದೆ. ಆದರೆ ಸೇಫ್ ಮೋಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಹೊರೆ ಬೀಳದ ಕಾರಣ ಅದರ ದೋಷ ಮರೆಯಾಗಿರಲೂಬಹುದು. ಹೆಚ್ಚು ನಿರ್ಣಾಯಕವಾದ ಪರೀಕ್ಷೆ ಎಂದರೆ ಪೆನ್ ಡ್ರೈವ್‌ನಿಂದ ಲಿನಕ್ಸ್ ಆರಂಭಿಸಿ ಕೆಲವು ಗಂಟೆ ಬಳಸುವುದು. ಅಲ್ಲಿಯೂ ಯಂತ್ರ ಕುಸಿದರೆ ವಿಂಡೋಸ್ ಮರುಸ್ಥಾಪನೆಯಿಂದ ಪ್ರಯೋಜನವಾಗುವ ಸಾಧ್ಯತೆ ಬಹಳ ಕಡಿಮೆ.

ಯಂತ್ರಾಂಶವನ್ನು ಪ್ರತ್ಯೇಕಿಸುವುದು

ಮೊದಲು ಖರ್ಚಿಲ್ಲದ ಕ್ರಮಗಳನ್ನು ಕೈಗೊಳ್ಳಬೇಕು: ದೂಳು ತೆಗೆಯುವುದು, ಕೇಬಲ್‌ಗಳನ್ನೂ ಸ್ಮೃತಿಪಟ್ಟಿಗಳನ್ನೂ ತೆಗೆದು ಮತ್ತೆ ಕೂರಿಸುವುದು, ಬಯೋಸ್‌ನಲ್ಲಿ ಓವರ್‌ಕ್ಲಾಕಿಂಗ್ ಮತ್ತು ಎಕ್ಸ್‌ಎಂಪಿ ಆಯ್ಕೆಗಳನ್ನು ತೆಗೆದುಹಾಕಿ ಮೂಲ ಹೊಂದಾಣಿಕೆಗೆ ಮರಳುವುದು.

ಸ್ಮೃತಿಯ ಪರೀಕ್ಷೆಗೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಬಳಸಲಾಗುತ್ತದೆ. ಎರಡನೆಯದರ ಮೂಲ ಆವೃತ್ತಿಯನ್ನು ಕ್ರಿಸ್ ಬ್ರೇಡಿ 1994ರಲ್ಲಿ ರೂಪಿಸಿದರು. ಪರೀಕ್ಷೆಯನ್ನು ಹಲವು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನಡೆಸಬೇಕು. ಒಂದೇ ಒಂದು ತಪ್ಪು ಕಂಡರೂ ಅದನ್ನು ಕಡೆಗಣಿಸಬಾರದು. ಎರಡು ಸ್ಮೃತಿಪಟ್ಟಿಗಳಿದ್ದರೆ ಒಂದನ್ನು ತೆಗೆದು ಯಂತ್ರವನ್ನು ನಡೆಸಿ, ಬಳಿಕ ಅದೇ ಸ್ಲಾಟ್‌ನಲ್ಲಿ ಇನ್ನೊಂದನ್ನು ಹಾಕಿ ನೋಡಬೇಕು. ತಪ್ಪು ಪಟ್ಟಿಯೊಂದಿಗೆ ಸಾಗಿದರೆ ದೋಷ ಪಟ್ಟಿಯಲ್ಲಿದೆ, ಸ್ಲಾಟ್‌ನಲ್ಲಿಯೇ ಉಳಿದರೆ ದೋಷ ಮದರ್‌ಬೋರ್ಡ್ ಅಥವಾ ಪ್ರೊಸೆಸರ್‌ನಲ್ಲಿದೆ.

ಕೊನೆಯ ಹಂತ ಬದಲಿ ಪರೀಕ್ಷೆ, ಅಂದರೆ ಸರಿಯಾಗಿದೆಯೆಂದು ಗೊತ್ತಿರುವ ಬಿಡಿಭಾಗವನ್ನು ತಾತ್ಕಾಲಿಕವಾಗಿ ಅಳವಡಿಸುವುದು. ಎಸ್‌ಎಂಪಿಎಸ್‌ನ ದೋಷವನ್ನು ಖಚಿತಪಡಿಸಿಕೊಳ್ಳಲು ಮನೆಯಲ್ಲಿ ಇದಕ್ಕಿಂತ ಉತ್ತಮ ಮಾರ್ಗವಿಲ್ಲ. ಕಂಪ್ಯೂಟರ್ ದುರಸ್ತಿ ಅಂಗಡಿಗೆ ಒಯ್ಯುವುದಾದರೆ, ಅಲ್ಲಿಯವರೆಗೆ ಮಾಡಿದ ಪರೀಕ್ಷೆಗಳ ಟಿಪ್ಪಣಿಯನ್ನು ಕೊಟ್ಟರೆ ಅನಗತ್ಯ ಬದಲಾವಣೆಗಳು ತಪ್ಪುತ್ತವೆ. ಫಾರ್ಮ್ಯಾಟ್ ಮಾಡಬಾರದೆಂದಿದ್ದರೆ ಅದನ್ನು ಲಿಖಿತವಾಗಿ ತಿಳಿಸುವುದು ಒಳಿತು.

ಒಂದು ಬದಲಾವಣೆಯ ನಂತರ ಯಂತ್ರ ಸರಿಹೋಯಿತೆಂದು ತೀರ್ಮಾನಿಸಲು, ಹಿಂದಿನ ಕುಸಿತಗಳ ನಡುವಿನ ಅಂತರಕ್ಕಿಂತ ಹಲವು ಪಟ್ಟು ಹೆಚ್ಚು ಕಾಲ ಕಾಯಬೇಕಾಗುತ್ತದೆ. ಎರಡು ದಿನಕ್ಕೊಮ್ಮೆ ಕುಸಿಯುತ್ತಿದ್ದ ಯಂತ್ರವು ಒಂದು ದಿನ ಸರಿಯಾಗಿ ನಡೆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ದಾರಿ ತಪ್ಪಿಸುವ ಲಕ್ಷಣಗಳು

ದೋಷ ಸಂದೇಶವು ತಪ್ಪು ಪತ್ತೆಯಾದ ಸ್ಥಳವನ್ನು ಹೇಳುತ್ತದೆಯೇ ಹೊರತು ತಪ್ಪು ಹುಟ್ಟಿದ ಸ್ಥಳವನ್ನಲ್ಲ. ಇಂಟೆಲ್ ಸಂಸ್ಥೆಯ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣ ಇದಕ್ಕೆ ಉತ್ತಮ ಉದಾಹರಣೆ. ಈ ಯಂತ್ರಗಳಲ್ಲಿ ಆಟಗಳು ಕುಸಿದಾಗ ಗ್ರಾಫಿಕ್ಸ್ ಸ್ಮೃತಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಸಹಜವಾಗಿಯೇ ಸಂಶಯ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತಿತ್ತು. ವಾಸ್ತವದಲ್ಲಿ ದೋಷವು ಪ್ರೊಸೆಸರ್‌ನಲ್ಲಿತ್ತು. ಮೈಕ್ರೋಕೋಡ್‌ನ ತಪ್ಪಿನಿಂದ ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುತ್ತಿತ್ತು ಎಂದು ಸಂಸ್ಥೆ 2024ರ ಜುಲೈನಲ್ಲಿ ಪ್ರಕಟಿಸಿ, ಆಗಸ್ಟ್‌ನಲ್ಲಿ ತಿದ್ದುಪಡಿ ನೀಡಿತು ಹಾಗೂ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಯೋಸ್ ಪರಿಷ್ಕರಣೆಯಿಂದ ಮುಂದಿನ ಹಾನಿಯನ್ನು ತಡೆಯಬಹುದಾಗಿತ್ತು, ಆದರೆ ಈಗಾಗಲೇ ಹಾನಿಯಾದ ಪ್ರೊಸೆಸರ್ ಸರಿಹೋಗುತ್ತಿರಲಿಲ್ಲ.

ಈವೆಂಟ್ ವ್ಯೂವರ್‌ನಲ್ಲಿ ಕಾಣುವ ಕರ್ನಲ್-ಪವರ್ 41 ಎಂಬ ದಾಖಲೆಯೂ ಹಲವರನ್ನು ದಾರಿ ತಪ್ಪಿಸುತ್ತದೆ. ಯಂತ್ರವು ಕ್ರಮಬದ್ಧವಾಗಿ ಮುಚ್ಚದೆ ಮರುಚಾಲನೆಯಾಯಿತು ಎಂಬುದಷ್ಟೇ ಅದರ ಅರ್ಥ. ಹೆಸರಿನಲ್ಲಿ ಪವರ್ ಎಂಬ ಪದವಿದ್ದ ಮಾತ್ರಕ್ಕೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದಾಗುವುದಿಲ್ಲ.

ನಕಲಿ ದೋಷ ಸಂದೇಶಗಳು

ಜಾಲತಾಣಗಳನ್ನು ನೋಡುವಾಗ ನೀಲಿ ಪರದೆಯನ್ನು ಅನುಕರಿಸುವ ಪುಟ ಮೂಡಿ, ಎಚ್ಚರಿಕೆಯ ಸದ್ದಿನೊಂದಿಗೆ ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡುವಂತೆ ಸೂಚಿಸುವ ವಂಚನೆ ವ್ಯಾಪಕವಾಗಿದೆ. ಕರೆ ಮಾಡಿದವರಿಂದ ಯಂತ್ರದ ದೂರನಿಯಂತ್ರಣ ಪಡೆದು ಹಣ ಹಾಗೂ ಬ್ಯಾಂಕ್ ಮಾಹಿತಿ ಕಸಿಯಲಾಗುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲ. ನಕಲಿ ಪರದೆಯು ಬ್ರೌಸರ್‌ನ ಒಂದು ಪುಟ ಮಾತ್ರ. ಟಾಸ್ಕ್ ಮ್ಯಾನೇಜರ್ ಮೂಲಕ ಬ್ರೌಸರನ್ನು ಮುಚ್ಚಿದರೆ ಅದು ಹೋಗುತ್ತದೆ. ಇಂತಹ ವಂಚನೆಯಲ್ಲಿ ಹಣ ಕಳೆದುಕೊಂಡವರು ಭಾರತದಲ್ಲಿ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕೂಡಲೇ ದೂರು ನೀಡಬಹುದು.

ಸುರಕ್ಷತೆ

ಕ್ಯಾಬಿನೆಟ್ ತೆರೆಯುವ ಮುನ್ನ ಪ್ಲಗ್ಗನ್ನು ಗೋಡೆಯ ಸಾಕೆಟ್‌ನಿಂದ ತೆಗೆಯಬೇಕು. ದೇಹದ ಸ್ಥಿರವಿದ್ಯುತ್ತಿನಿಂದ ಚಿಪ್‌ಗಳು ಹಾಳಾಗದಂತೆ ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಆಗಾಗ ಮುಟ್ಟಬೇಕು. ಎಸ್‌ಎಂಪಿಎಸ್ ಘಟಕವನ್ನು ಬಿಚ್ಚಬಾರದು, ಏಕೆಂದರೆ ಪ್ಲಗ್ ತೆಗೆದ ನಂತರವೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ ಮನೆಯ ಅರ್ತಿಂಗ್ ಸರಿಯಿಲ್ಲವೆಂಬ ಶಂಕೆಗೆ ಎಡೆಯಿದ್ದು, ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಬೇಕು. ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ ಬೆಂಕಿಯ ಅಪಾಯವಿರುವುದರಿಂದ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು.

ತಡೆಗಟ್ಟುವ ಕ್ರಮಗಳು

ಅಸ್ಥಿರತೆಯನ್ನು ಪೂರ್ಣವಾಗಿ ತಡೆಯಲಾಗದಿದ್ದರೂ ಅದರ ಹಾನಿಯನ್ನು ಕಡಿಮೆ ಮಾಡಬಹುದು. ಮುಖ್ಯ ಕಡತಗಳ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿ ಇರಿಸಿ, ಒಂದನ್ನು ಮನೆಯ ಹೊರಗೆ ಅಥವಾ ಅಂತರಜಾಲದಲ್ಲಿ ಇಡುವ ಪದ್ಧತಿಯನ್ನು ಸಾಮಾನ್ಯವಾಗಿ ಶಿಫಾರಸು ಮಾಡಲಾಗುತ್ತದೆ. ವರ್ಷಕ್ಕೆ ಒಂದೆರಡು ಬಾರಿ ದೂಳು ತೆಗೆಯುವುದು, ಚಾಲಕಗಳನ್ನು ತಯಾರಕರ ಅಧಿಕೃತ ತಾಣದಿಂದಲೇ ಪಡೆಯುವುದು, ಯುಪಿಎಸ್‌ನ ಬ್ಯಾಟರಿಯನ್ನು ಆಗಾಗ ಪರೀಕ್ಷಿಸುವುದು ಇತರ ಕ್ರಮಗಳು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹೊಸ ಆವೃತ್ತಿಯನ್ನು ನಡೆಸಲಾಗದ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಬಳಸುವುದು ಒಂದು ಪರ್ಯಾಯ. ಸ್ಮೃತಿ ಅಥವಾ ಡಿಸ್ಕ್‌ನ ದೋಷವಿರುವ ಯಂತ್ರದಲ್ಲಿ ಮಾತ್ರ, ಕಾರ್ಯಾಚರಣ ವ್ಯವಸ್ಥೆ ಯಾವುದೇ ಇರಲಿ, ಮೊದಲು ಆ ಭಾಗವನ್ನು ಬದಲಾಯಿಸಲೇಬೇಕಾಗುತ್ತದೆ.